ಬ್ರಾಂಕ್ಸ್ ಅಂತಾರೆ, ಹಿಂದೆ ನೋಡಿದರೆ ಬೆಟ್ಟ! 'ರಂಬಲ್ ಇನ್ ದ ಬ್ರಾಂಕ್ಸ್' ಇವತ್ತಿಗೂ ಯಾಕೆ ನೋಡಬೇಕು?

ಹಳೇಟಾಕೀಸ್

ಜಾಕಿ ಚಾನ್ ಅಂದರೆ ಎಲ್ಲರೂ ಮೊದಲು ಹೇಳುವುದು 'ಪೊಲೀಸ್ ಸ್ಟೋರಿ', ಇಲ್ಲಾಂದ್ರೆ 'ರಶ್ ಅವರ್'. ಇವೆರಡರ ನಡುವೆ 1995ರಲ್ಲಿ ಬಂದ 'ರಂಬಲ್ ಇನ್ ದ ಬ್ರಾಂಕ್ಸ್' ಹೆಸರೆತ್ತಿದರೆ ಜನ ನಗುತ್ತಾರೆ. ನಗಲಿ. ನಗುವಂಥದ್ದು ಅದರಲ್ಲಿ ಬೇಕಾದಷ್ಟಿದೆ.

ನೋಡದವರಿಗೆ ಕಥೆ ಹೇಳುತ್ತೇನೆ. ಹಾಂಗ್‌ಕಾಂಗ್‌ನಿಂದ ಕ್ಯೂಂಗ್ (ಇವನೇ ಜಾಕಿ) ಅನ್ನುವವನು ಅಂಕಲ್ ಬಿಲ್ ಮದುವೆಗೆ ನ್ಯೂಯಾರ್ಕ್‌ ನಗರದ ಬ್ರಾಂಕ್ಸ್ ಭಾಗಕ್ಕೆ ಬರುತ್ತಾನೆ. ಅಂಕಲ್ ತನ್ನ ಸೂಪರ್ ಮಾರ್ಕೆಟ್ಟನ್ನು ಎಲೈನ್ ಎಂಬಾಕೆಗೆ ಮಾರುತ್ತಾನೆ. ಬೈಕ್ ಗ್ಯಾಂಗಿನವರು ಅಂಗಡಿಗೆ ನುಗ್ಗಿ ದುಡ್ಡು ಕೊಡದೆ ಸಾಮಾನು ಎತ್ತಿಕೊಂಡು ಹೋಗಲು ನೋಡುತ್ತಾರೆ, ಕ್ಯೂಂಗ್ ಕೈಯಲ್ಲಿ ಒದೆ ತಿನ್ನುತ್ತಾರೆ. ಆಮೇಲೆ ಕದ್ದ ವಜ್ರ, ಮಾಫಿಯಾ, ವೀಲ್‌ಚೇರ್‌ನಲ್ಲಿರುವ ಪುಟ್ಟ ಹುಡುಗ, ಕೊನೆಗೆ ನೀರಿನಿಂದ ಎದ್ದು ಊರೊಳಗೆ ನುಗ್ಗುವ ಹೋವರ್‌ಕ್ರಾಫ್ಟ್, ಅಂದರೆ ನೀರು, ನೆಲ ಎರಡರ ಮೇಲೂ ಓಡುವ ವಾಹನ. ಇಷ್ಟನ್ನೂ ಒಂದೇ ಸಿನಿಮಾದಲ್ಲಿ ತುಂಬಿದ್ದಾರೆ.

ನನ್ನ ವಾದ ಇಷ್ಟೇ. ಊರು ಸುಳ್ಳು (ಶೂಟಿಂಗ್ ಆಗಿದ್ದು ಕೆನಡಾದ ವ್ಯಾಂಕೂವರ್‌ನಲ್ಲಿ), ಕಥೆ ಜೊಳ್ಳು, ವಿಲನ್‌ಗಳು ಕಾಮಿಕ್ಸ್ ಪುಸ್ತಕದಿಂದ ಎದ್ದು ಬಂದವರು. ಆದರೂ ಹೊಡೆದಾಟ ಶುರುವಾದ ತಕ್ಷಣ ಇದ್ಯಾವುದೂ ತಲೆಗೆ ಬರುವುದಿಲ್ಲ. ಹೊಡೆದಾಟ ನಡೆಯುವ ಜಾಗ ಮಾತ್ರ ನೂರಕ್ಕೆ ನೂರು ನಿಜ. ಗೋಡೆ ಎಲ್ಲಿದೆ, ಕೈಗೆ ಏನು ಸಿಗುತ್ತದೆ, ಅದು ಎಷ್ಟು ಭಾರ ಇರಬಹುದು, ಎಲ್ಲ ನಮಗೆ ಗೊತ್ತಾಗುತ್ತದೆ.

ಗ್ಯಾಂಗಿನ ಅಡ್ಡಾದ ದೃಶ್ಯ ತಗೊಳ್ಳಿ. ಒಳಗೆ ಫ್ರಿಡ್ಜುಗಳು, ಟಿವಿಗಳು, ಪಿನ್‌ಬಾಲ್ ಮಷಿನ್ನುಗಳು, ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಗಳು, ಹಿಮದ ಮೇಲೆ ಜಾರುವ ಸ್ಕೀಗಳು. ಕ್ಯೂಂಗ್ ಒಬ್ಬನೇ, ಅವರು ಗುಂಪು. ಫ್ರಿಡ್ಜಿನ ಬಾಗಿಲು ತೆಗೆದು ಅಡ್ಡ ಹಿಡಿಯುತ್ತಾನೆ, ಏಟು ಬಾಗಿಲಿಗೆ ಬೀಳುತ್ತದೆ. ಅದೇ ಬಾಗಿಲನ್ನು ದಬ್ಬಿದರೆ ಎದುರಿನವನ ಮುಖಕ್ಕೆ ಏಟು. ಸ್ಕೀ ಕೈಗೆ ಸಿಕ್ಕಿದರೆ ಅದೇ ದೊಣ್ಣೆ. ತಳ್ಳುಗಾಡಿ ಅಡ್ಡ ಬಂದರೆ ಅದನ್ನೇ ತಳ್ಳುತ್ತಾನೆ. ಅವನ ಹತ್ತಿರ ಮೊದಲೇ ಮಾಡಿಟ್ಟ ಪ್ಲಾನ್ ಇರಲ್ಲ. ಏಟು ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲೇ ಮುಂದಿನ ಏಟು ಹುಟ್ಟುತ್ತದೆ. ಈ ಥರದ ಫೈಟು ಇವತ್ತು ಎಷ್ಟು ಸಿನಿಮಾದಲ್ಲಿ ಸಿಗುತ್ತದೆ ಹೇಳಿ. ನೋಡಿದವರು ಏನಂತೀರಿ?

ವ್ಯಾಂಕೂವರ್ ವಾಸಿ

ಬೆಟ್ಟದ ವಿಷಯ ನಾನು ಹೇಳುತ್ತೇನೆ, ಆ ಬೆಟ್ಟ ದಿನಾ ನೋಡುವವನು ನಾನು. ಸಿನಿಮಾದಲ್ಲಿ 'ನ್ಯೂಯಾರ್ಕ್' ಬೀದಿಗಳ ಹಿಂದೆ ಕಾಣುವುದು ಇಲ್ಲಿನ ನಾರ್ತ್ ಶೋರ್ ಬೆಟ್ಟಸಾಲು. ಗ್ರೌಸ್, ಸೈಪ್ರೆಸ್, ಸೀಮೋರ್ ಎಲ್ಲ ಆ ಕಡೆಯವೇ. ಬ್ರಾಂಕ್ಸ್‌ನಲ್ಲಿ ಏರು ತಗ್ಗು ಇದೆ, ಆದರೆ ಇಂಥ ಬೆಟ್ಟ ಎಲ್ಲಿಂದ ಬರಬೇಕು? ಶುರುವಿನಲ್ಲಿ ಬೆಟ್ಟ ಕಾಣದ ಹಾಗೆ ಕ್ಯಾಮೆರಾ ಇಡಲು ನೋಡಿರಬಹುದು. ಆಮೇಲೆ ಕೈಬಿಟ್ಟಿದ್ದಾರೆ ಅಂತ ನೋಡಿದರೇ ಗೊತ್ತಾಗುತ್ತದೆ.

ಈ ಊರು ಬೇರೆ ಊರಿನ ವೇಷ ಹಾಕುವುದು ಹೊಸದೇನಲ್ಲ. ಆಗ 'ಎಕ್ಸ್ ಫೈಲ್ಸ್' ಟಿವಿ ಸೀರಿಯಲ್ ಕೂಡ ಇಲ್ಲೇ ಶೂಟಿಂಗ್ ಆಗುತ್ತಿತ್ತು. ಅಮೆರಿಕದ ಡಾಲರ್ ಮುಂದೆ ಕೆನಡಾ ಡಾಲರ್ ಅಗ್ಗ, ಲಾಸ್ ಏಂಜಲೀಸ್‌ಗೂ ಇಲ್ಲಿಗೂ ಗಡಿಯಾರ ಒಂದೇ, ಕೆಲಸ ಗೊತ್ತಿರುವ ತಂಡಗಳಿವೆ. ಹಾಂಗ್‌ಕಾಂಗ್‌ನವರಿಗೆ ಇನ್ನೊಂದು ಅನುಕೂಲವೂ ಇತ್ತು. 1997ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಗೆ ಹೋಗುವುದಿತ್ತು. ಅದಕ್ಕೆ ಮುಂಚೆಯೇ ಅಲ್ಲಿಂದ ಸಾವಿರಾರು ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಪಕ್ಕದ ರಿಚ್ಮಂಡ್‌ನಲ್ಲಿ ಈಗಲೂ ಎಷ್ಟೋ ಅಂಗಡಿ ಬೋರ್ಡುಗಳಲ್ಲಿ ಚೀನೀ ಅಕ್ಷರಗಳಿವೆ. ಅಂಗಡಿ ಮಾರಿ ಬೇರೆ ಬದುಕು ಶುರು ಮಾಡುವ ಅಂಕಲ್, ಅಂಗಡಿ ಕೊಂಡು ಒದ್ದಾಡುವ ಎಲೈನ್, ಇವರೆಲ್ಲ ನ್ಯೂಯಾರ್ಕಿನವರು ಅನ್ನುವುದಕ್ಕಿಂತ ಆಗಿನ ವ್ಯಾಂಕೂವರಿನವರು ಅನಿಸುತ್ತಾರೆ ನನಗೆ.

ಹಾಗೇ ಒಂದು ಮಾತು. ಹೋವರ್‌ಕ್ರಾಫ್ಟ್ ನೋಡಿ ಎಲ್ಲರೂ ನಗುತ್ತಾರೆ. ಇಲ್ಲಿ ಕೋಸ್ಟ್ ಗಾರ್ಡ್‌ನವರ ಹತ್ತಿರ ನಿಜವಾಗಿಯೂ ಹೋವರ್‌ಕ್ರಾಫ್ಟ್‌ಗಳಿವೆ. ವಿಮಾನ ನಿಲ್ದಾಣದ ಹತ್ತಿರ ಸೀ ಐಲ್ಯಾಂಡ್‌ನಲ್ಲಿ ಅವರ ನೆಲೆ ಇದೆ.

ಜರ್ಸಿ ಗೌಡ

ನಾನು ಇರುವುದು ನ್ಯೂಜೆರ್ಸಿಯಲ್ಲಿ, ನದಿಯ ಈ ಕಡೆ ದಡದಲ್ಲಿ, ಆಫೀಸಿಗೆ ನ್ಯೂಯಾರ್ಕ್. ಹಳೇಟಾಕೀಸ್ ಸರ್, ನಿಮ್ಮ 'ಊರು ಸುಳ್ಳಾದರೂ ಪರವಾಗಿಲ್ಲ' ಅನ್ನುವ ಮಾತು ನನಗೆ ಪೂರ್ತಿ ಹಿಡಿಸಲಿಲ್ಲ.

1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್‌ನಲ್ಲಿ ಬೀದಿಗೆ ಬೀದಿಯೇ ಸುಟ್ಟು ಹೋಗಿತ್ತು. ಮನೆಗಳು ಖಾಲಿ ಬಿದ್ದಿದ್ದವು. ಆಮೇಲೆ ಸಿನಿಮಾದವರಿಗೆ ಆ ಹೆಸರೇ ಒಂದು ಸರಕಾಯಿತು. ಬ್ರಾಂಕ್ಸ್ ಅಂದರೆ ಸಾಕು, ರೌಡಿಗಳು, ಗೋಡೆ ಬರಹ, ಒಡೆದ ಗಾಜು. ಈ ಸಿನಿಮಾ ಬರುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅಪರಾಧ ಇಳಿಯುತ್ತಾ ಬಂದಿತ್ತು. ಅದೇ ಬ್ರಾಂಕ್ಸ್‌ನ ಸೆಜ್ವಿಕ್ ಅವೆನ್ಯೂದ ಒಂದು ಅಪಾರ್ಟ್‌ಮೆಂಟಿನ ಪಾರ್ಟಿಯಲ್ಲಿ, 1973ರ ಆಗಸ್ಟಿನಲ್ಲಿ, ಹಿಪ್‌ಹಾಪ್ ಹುಟ್ಟಿತು ಅಂತಾರೆ. ಅಲ್ಲಿ ದೊಡ್ಡ ಝೂ ಇದೆ, ಸಸ್ಯತೋಟ ಇದೆ, ಯಾಂಕಿ ಸ್ಟೇಡಿಯಂ ಇದೆ. ಸಿನಿಮಾದಲ್ಲಿ ಇವುಗಳ ನೆರಳೂ ಇಲ್ಲ. ಗ್ಯಾಂಗಿನ ಹುಡುಗರ ಬಟ್ಟೆ ನೋಡಿದರೆ ಫ್ಯಾನ್ಸಿ ಡ್ರೆಸ್ ಸ್ಪರ್ಧೆಯಿಂದ ಸೀದಾ ಬಂದ ಹಾಗಿದೆ.

ಹಳೇಟಾಕೀಸ್

ಗೌಡ್ರೇ, ಒಪ್ಪಿದೆ. ಬ್ರಾಂಕ್ಸ್ ಬಗ್ಗೆ ತಿಳಿಯಬೇಕು ಅಂತ ಈ ಸಿನಿಮಾ ನೋಡುವವರು ಯಾರೂ ಇರಬಾರದು. ಆದರೆ ಹೊರಗಿನವರು ಬಂದು ಅಮೆರಿಕ ತೋರಿಸಿದಾಗ ಒಂದು ಮಜಾ ಇರುತ್ತದೆ. ಹಾಲಿವುಡ್‌ನವರು ಹಾಂಗ್‌ಕಾಂಗ್ ಅಂದರೆ ಬರೀ ಹೊಗೆ, ಲಾಟೀನು, ಗೋಣಿಚೀಲ ಅಂತ ತೋರಿಸಿದ್ದಾರಲ್ಲ ಇಷ್ಟು ವರ್ಷ. ಇವರು ಬಡ್ಡಿ ಸಮೇತ ವಾಪಸ್ ಕೊಟ್ಟಿದ್ದಾರೆ ಅಷ್ಟೇ.

ಜರ್ಸಿ ಗೌಡ

ಹ್ಹಹ್ಹ, ಬಡ್ಡಿ ಸ್ವಲ್ಪ ಜಾಸ್ತಿ ಆಯ್ತು.

ಎಡಿಟಿಂಗ್ ಟೇಬಲ್

ನಾನು ಸಣ್ಣಪುಟ್ಟ ಸಿನಿಮಾ, ಸೀರಿಯಲ್ ಎಡಿಟಿಂಗ್ ಮಾಡುವವನು. 'ಜಾಗ ನಿಜ' ಅನ್ನುವುದರ ಹಿಂದೆ ಎಡಿಟಿಂಗ್ ಕೆಲಸ ಇದೆ, ಅದನ್ನು ಹೇಳುತ್ತೇನೆ.

ನಮ್ಮ ಕಡೆ ಫೈಟ್ ಹೇಗೆ ಬರುತ್ತದೆ ಗೊತ್ತಾ? ಹೀರೋ ಕೈ ಎತ್ತುವುದು ಒಂದು ಶಾಟ್. ಎದುರಿನವನ ಮುಖ ಇನ್ನೊಂದು ಶಾಟ್. ಅವನು ರೋಪ್‌ನಲ್ಲಿ ಹಾರಿ ಬೀಳುವುದು ಮೂರನೇ ಶಾಟ್, ಅದೂ ಸ್ಲೋ ಮೋಷನ್. ಏಟು ಎಲ್ಲಿ ಬಿತ್ತು ಅನ್ನುವುದನ್ನು ಸೌಂಡ್ ಎಫೆಕ್ಟ್ ಹೇಳಬೇಕು. ಹಾಲಿವುಡ್‌ನಲ್ಲೂ ಅಷ್ಟೇ, ಅಲ್ಲಿ ಕ್ಯಾಮೆರಾ ಅಲ್ಲಾಡಿಸಿ ಮುಚ್ಚಿಹಾಕುತ್ತಾರೆ.

ಜಾಕಿ ಮತ್ತು ನಿರ್ದೇಶಕ ಸ್ಟಾನ್ಲಿ ಟಾಂಗ್ ಹಾಗೆ ಮಾಡಲ್ಲ. ಕ್ಯಾಮೆರಾ ಸ್ವಲ್ಪ ಹಿಂದೆ ನಿಲ್ಲುತ್ತದೆ, ಹೆಚ್ಚು ಅಲ್ಲಾಡುವುದಿಲ್ಲ. ಹೊಡೆಯುವವನೂ ತಿನ್ನುವವನೂ ಒಂದೇ ಫ್ರೇಮಿನಲ್ಲಿ, ತಲೆಯಿಂದ ಕಾಲಿನ ತನಕ. ಏಟು ಬಿದ್ದ ಕ್ಷಣಕ್ಕೆ ಕಟ್ ಮಾಡಿದರೂ, ಮುಂದಿನ ಶಾಟ್‌ನಲ್ಲಿ ಕೆಲವು ಫ್ರೇಮ್ ಹಿಂದಿನಿಂದ ಶುರು ಮಾಡುತ್ತಾರೆ. ಅದೇ ಏಟಿನ ಕೊನೆ ಮತ್ತೊಮ್ಮೆ ಕಾಣುತ್ತದೆ. ನೋಡುವವರಿಗೆ ಅದು ರಿಪೀಟ್ ಅನಿಸುವುದಿಲ್ಲ, ಏಟು ಜೋರಾಗಿ ಬಿತ್ತು ಅನಿಸುತ್ತದೆ. ಆಮೇಲೆ ಒಂದು ಸಣ್ಣ ನಿಲುಗಡೆ. ಮತ್ತೆ ದಡಬಡ. ಮತ್ತೆ ನಿಲುಗಡೆ. ಉಸಿರು ಬಿಡಲು ಅಲ್ಲಿ ಜಾಗ ಇರುತ್ತದೆ.

ಪಾರ್ಕಿಂಗ್ ಕಟ್ಟಡದ ತಾರಸಿಯಿಂದ ಗಲ್ಲಿ ದಾಟಿ ಎದುರಿನ ಕಟ್ಟಡದ ಬಾಲ್ಕನಿಗೆ ಹಾರುವ ಶಾಟ್ ಇದೆಯಲ್ಲ, ಅದು ಇನ್ನೂ ಒಳ್ಳೆ ಉದಾಹರಣೆ. ಹಾರಿದ ಜಾಗ, ಕೆಳಗಿನ ಗಲ್ಲಿ, ಇಳಿಯುವ ಜಾಗ, ಮೂರೂ ಕಾಣುತ್ತವೆ. ಅಲ್ಲಿ ಎಡಿಟರ್‌ಗೆ ಮೋಸ ಮಾಡಲು ಏನೂ ಉಳಿದಿಲ್ಲ. ಈ ಸಿನಿಮಾಕ್ಕೆ ಹಾಂಗ್‌ಕಾಂಗ್ ಫಿಲಂ ಅವಾರ್ಡ್ಸ್‌ನಲ್ಲಿ ಸಾಹಸ ಸಂಯೋಜನೆಗೆ ಪ್ರಶಸ್ತಿ ಬಂತು. ಸುಮ್ನೆ ಬಂದಿದ್ದಲ್ಲ.

ಕರಾಟೆ ಮೇಷ್ಟ್ರು

ಮಕ್ಕಳಿಗೆ ಕರಾಟೆ ಕಲಿಸುತ್ತೇನೆ, ಅದಕ್ಕೇ ಈ ಹೆಸರು. ಜಾಕಿ ಯಾವ ಸ್ಟೈಲ್ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ಯಾವುದೋ ಒಂದು ಸ್ಟೈಲ್ ಅಂತ ಹೇಳಲು ಆಗುವುದಿಲ್ಲ. ಆತ ಕಲಿತಿದ್ದು ಪೀಕಿಂಗ್ ಒಪೇರಾ ಶಾಲೆಯಲ್ಲಿ, ಯು ಜಿಮ್ ಯೂನ್ ಅನ್ನುವ ಗುರುವಿನ ಕೈಯಲ್ಲಿ. ಸಾಮೋ ಹಂಗ್, ಯೂನ್ ಬಿಯಾವೊ ಕೂಡ ಅದೇ ಶಾಲೆಯ ಹುಡುಗರು. ಅಲ್ಲಿ ಹಾಡು, ಕುಣಿತ, ಲಾಗ, ಕತ್ತಿವರಸೆ, ಮುಖದ ಅಭಿನಯ ಎಲ್ಲ ಒಟ್ಟಿಗೇ ಕಲಿಸುತ್ತಿದ್ದರು. ನಮ್ಮ ಯಕ್ಷಗಾನದ ಮೇಳದಲ್ಲಿ ಹೆಜ್ಜೆ, ಮಾತು, ಧೀಂಗಿಣ ಎಲ್ಲ ಒಬ್ಬನೇ ಕಲಾವಿದ ಕಲಿಯುತ್ತಾನಲ್ಲ, ಹಾಗೆ. ಅದಕ್ಕೇ ಜಾಕಿಯ ಫೈಟಿಗೆ ತಾಳ ಇದೆ.

ಇನ್ನೊಂದು ಗಮನಿಸಿ. ಬ್ರೂಸ್ ಲೀ ಹೊಡೆದರೆ ಬ್ರೂಸ್ ಲೀಗೆ ನೋವಾಗುವುದಿಲ್ಲ. ಜಾಕಿ ಹೊಡೆದರೆ ಕೈ ಒದರಿಕೊಳ್ಳುತ್ತಾನೆ, 'ಅಬ್ಬಾ' ಅಂತ ಮುಖ ಮಾಡುತ್ತಾನೆ. ಡೋಜೋದಲ್ಲಿ (ಕರಾಟೆ ಕಲಿಯುವ ಜಾಗದಲ್ಲಿ) ಗಟ್ಟಿಯಾಗಿ ಒಂದು ಬ್ಲಾಕ್ ಹಾಕಿದವರಿಗೆ ಗೊತ್ತು, ತಡೆದವನ ಮೊಳಕೈಗೂ ನೋವಾಗುತ್ತದೆ.

ನಮ್ಮಲ್ಲಿ ಶಂಕರ್ ನಾಗ್ ಅವರಿಗೆ 'ಕರಾಟೆ ಕಿಂಗ್' ಅಂತಲೇ ಹೆಸರು ಬಂತು. ಆ ಕಾಲದಲ್ಲಿ ಊರೂರಲ್ಲಿ ಹುಡುಗರು ಬಿಳಿ ಬಟ್ಟೆ ಹೊಲಿಸಿಕೊಂಡು ಕ್ಲಾಸಿಗೆ ಸೇರಿದ್ದರು. ಆದರೆ ಆಗಿನ ನಮ್ಮ ಸಿನಿಮಾ ಫೈಟುಗಳಲ್ಲಿ ಹೀರೋಗೆ ಸುಸ್ತಾಗಿದ್ದು ನಾನಂತೂ ನೋಡಿಲ್ಲ.

ಬಾಗಲಕೋಟಿ ಹುಡುಗ

ಅಣ್ಣಾರ, ಎಲ್ಲಾರೂ ಭಾರೀ ದೊಡ್ಡ ಮಾತು ಹೇಳಾಕತ್ತೀರಿ. ನನಗೆ ಇದರಾಗ ಸೇರಿದ್ದು ಅಡ್ಡಾ ಫೈಟ್ ಮುಗಿದ ಮೇಲಿನ ಭಾಷಣ! ಅಷ್ಟು ಜನರನ್ನು ಹೊಡೆದು ಕೆಡವಿ, ಆಮೇಲೆ ಅವರಿಗೇ ಬುದ್ಧಿ ಹೇಳುತ್ತಾನೆ. ಮುಂದಿನ ಸಲ ಸಿಕ್ಕಾಗ ಜಗಳ ಬೇಡ, ಚಹಾ ಕುಡಿಯೋಣ ಅಂತಾನೆ. ಚಹಾ! ಫ್ರಿಡ್ಜ್ ತಲೆ ಮೇಲೆ ಹಾಕಿಸಿಕೊಂಡವನಿಗೆ!

ಮತ್ತೊಂದು. ವೀಲ್‌ಚೇರ್ ಹುಡುಗನಿಗೆ ಸೆಗಾ ಕಂಪನಿಯ ಗೇಮ್ ಗಿಯರ್ (ಕೈಯಲ್ಲಿ ಹಿಡಿದು ಆಡುವ ವೀಡಿಯೊ ಗೇಮ್) ತಂದು ಕೊಡುತ್ತಾನಲ್ಲ, ಆ ಹುಡುಗ ಖುಷಿಯಿಂದ ಆಡುತ್ತಾನೆ. ಸರಿಯಾಗಿ ನೋಡಿ, ಅದರೊಳಗೆ ಆಟ ಇರುವ ಕಾರ್ಟ್ರಿಜ್ಜೇ ಇಲ್ಲ. ಏನು ಆಡ್ತಾ ಇದ್ದನೋ ಆ ದೇವರೇ ಬಲ್ಲ.

ಸುಮಾ ಶಿರಸಿ

ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ಫೈಟ್ ಬಗ್ಗೆ ಎಲ್ಲರೂ ಬರೆದಿರಿ. ಎಲೈನ್ ಪಾತ್ರ ಮಾಡಿದ ಅನಿತಾ ಮುಯಿ ಬಗ್ಗೆ ಒಬ್ಬರೂ ಒಂದು ಮಾತು ಬರೆಯಲಿಲ್ಲ.

ಆಕೆ ಸುಮ್ನೆ ಯಾರೋ ಪೋಷಕ ನಟಿ ಅಲ್ಲ. ಹಾಂಗ್‌ಕಾಂಗ್‌ನ ಅತಿ ದೊಡ್ಡ ಗಾಯಕಿಯರಲ್ಲಿ ಒಬ್ಬಳು, ಸ್ಟೇಡಿಯಂ ತುಂಬಿಸುತ್ತಿದ್ದವಳು. ಇದಕ್ಕೆ ಒಂದು ವರ್ಷ ಮುಂಚೆ, 1994ರ 'ಡ್ರಂಕನ್ ಮಾಸ್ಟರ್ 2'ರಲ್ಲಿ ಜಾಕಿಯ ಮಲತಾಯಿಯಾಗಿ ಮಾಡಿದ್ದಾಳೆ. ಗಂಡನ ಮುಂದೆ ಗರತಿ, ಹಿಂದೆ ಜೂಜುಕೋರಳು. ಆ ಸಿನಿಮಾದಲ್ಲಿ ಜಾಕಿಯನ್ನೇ ನುಂಗಿ ನೀರು ಕುಡಿದಿದ್ದಾಳೆ. ಅಂಥವಳಿಗೆ ಇಲ್ಲಿ ಕೊಟ್ಟ ಕೆಲಸ ಏನು? ಅಂಗಡಿ ಪುಡಿಯಾದಾಗ ಕಿರುಚುವುದು, ಮತ್ತೆ ಪುಡಿಯಾದಾಗ ಮತ್ತೆ ಕಿರುಚುವುದು. ಕೊನೆಗೆ ಗಾಡಿಗಳಿಗೆ ಹಗ್ಗ ಕಟ್ಟಿ ಅಂಗಡಿಯನ್ನೇ ಎಳೆದು ಕೆಡವುತ್ತಾರೆ. ಆಗ ಆಕೆ ಒಳಗೆ ಟಾಯ್ಲೆಟ್‌ನಲ್ಲಿ ಕೂತಿರುತ್ತಾಳೆ. ಅದನ್ನೂ ತಮಾಷೆ ಮಾಡಿದ್ದಾರೆ. ಅಂಗಡಿ ಕೊಂಡ ಹೆಂಗಸಿನ ಕಣ್ಣೆದುರು ಬದುಕೇ ಕುಸಿಯುತ್ತಿದೆ. ಅದಕ್ಕೆ ಎರಡು ನಿಮಿಷವಾದರೂ ಕೊಡಬಹುದಿತ್ತು, ಅಲ್ವಾ?

ಒಂದೇ ಒಂದು ಕಡೆ ಆಕೆಗೆ ಜಾಗ ಸಿಕ್ಕಿದೆ. ಅಂಗಡಿಯ ಆಫೀಸಿನಲ್ಲಿ ಒಂದು ಕನ್ನಡಿ ಇದೆ. ಹೊರಗಿನವರಿಗೆ ಕನ್ನಡಿ, ಒಳಗಿನವರಿಗೆ ಗಾಜು. ಕ್ಯೂಂಗ್ ಅದರ ಮುಂದೆ ನಿಂತು ಮೈ ಉಬ್ಬಿಸಿ ಮುಖ ಸೊಟ್ಟ ಮಾಡುತ್ತಾನೆ. ಆಕೆ ಆ ಕಡೆಯಿಂದ ನೋಡುತ್ತಾಳೆ. ಆ ದೃಶ್ಯದಲ್ಲಿ ಆಕೆಯ ಮುಖ ನೋಡಿ. ಏನೂ ಮಾಡದೆ ನಗಿಸುತ್ತಾಳೆ. 2003ರ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡಾಗ ಇನ್ನೂ ನಲವತ್ತು.

ಹಳೇಟಾಕೀಸ್

ಸುಮಾ ಮೇಡಂ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರಿಯಾಗೇ ಹೇಳಿದಿರಿ. ಗ್ಯಾಂಗಿನ ಹುಡುಗಿ ನ್ಯಾನ್ಸಿ ಪಾತ್ರ ಮಾಡಿದ ಫ್ರಾಂಸ್ವಾಜ್ ಯಿಪ್‌ಗೂ ಮೊದಲರ್ಧದಲ್ಲಿ ಇರುವ ಕಳೆ ಆಮೇಲೆ ಇಲ್ಲ.

ಕುಡ್ಲದ ಪ್ರೇಕ್ಷಕ

ನನ್ನದು ಬೇರೆ ತಕರಾರು ಮಾರಾಯ್ರೆ. ಈ ಸಿನಿಮಾ ಮಾತು ಬಂದಾಗೆಲ್ಲ ಜನ ಆ ಕಾಲು ಮುರಿದ ಕಥೆ ಹೇಳಿ ಮೀಸೆ ತಿರುವುತ್ತಾರೆ. ಹೋವರ್‌ಕ್ರಾಫ್ಟ್ ಮೇಲೆ ಹಾರುವಾಗ ಜಾಕಿಯ ಪಾದದ ಕೀಲು ಮುರಿಯಿತು. ಪ್ಲಾಸ್ಟರ್ ಹಾಕಿದ ಕಾಲಿಗೆ ಶೂ ಥರ ಬಣ್ಣ ಬಳಿದ ಕಾಲುಚೀಲ ಹಾಕಿ ಶೂಟಿಂಗ್ ಮುಗಿಸಿದರು. ಸಿನಿಮಾದ ಕೊನೆಗೆ ಅದನ್ನೇ ತೋರಿಸುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಬೈಕ್ ದೃಶ್ಯಗಳಲ್ಲಿ ಬೇರೆಯವರಿಗೂ ಪೆಟ್ಟಾಯಿತು. ಅವರ ಹೆಸರು ಯಾರಿಗೆ ನೆನಪಿದೆ?

ಗ್ಯಾಂಗ್ ಲೀಡರ್ ಟೋನಿಯಾಗಿ ಮಾಡಿದ ಮಾರ್ಕ್ ಆಕರ್‌ಸ್ಟ್ರೀಮ್ ಸ್ಟಂಟ್ ಕೆಲಸವನ್ನೂ ಮಾಡುತ್ತಿದ್ದವರು. 1998ರಲ್ಲಿ ಒಂದು ಟಿವಿ ಸೀರಿಯಲ್ ಸೆಟ್‌ನಲ್ಲಿ ಸ್ಫೋಟದ ದೃಶ್ಯ ತೆಗೆಯುವಾಗ ಚೂರು ಬಡಿದು ಸತ್ತರು. ನಮ್ಮಲ್ಲಿ 2016ರ ನವೆಂಬರ್‌ನಲ್ಲಿ 'ಮಾಸ್ತಿಗುಡಿ' ಶೂಟಿಂಗ್ ವೇಳೆ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಹಾರಿದರು. ನಾಯಕ ದಡ ಸೇರಿದರು, ಖಳರ ಪಾತ್ರದ ಇಬ್ಬರು ಮೇಲೆ ಬರಲೇ ಇಲ್ಲ. 'ಡ್ಯೂಪ್ ಇಲ್ಲ, ರೋಪ್ ಇಲ್ಲ' ಅನ್ನುವುದನ್ನೇ ದೊಡ್ಡಸ್ತಿಕೆ ಮಾಡಿದರೆ ಇನ್ನೇನಾಗುತ್ತದೆ?

ಎಡಿಟಿಂಗ್ ಟೇಬಲ್

ಸೆಟ್‌ನಲ್ಲಿ ಓಡಾಡುವವನಾಗಿ ಹೇಳುತ್ತೇನೆ, ಕುಡ್ಲದವರ ಮಾತಿನಲ್ಲಿ ಒಂದಕ್ಷರವೂ ಜಾಸ್ತಿ ಇಲ್ಲ. ಆದರೆ ಎರಡು ವಿಷಯ ಬೇರೆ ಬೇರೆ ಮಾಡಬೇಕು. ಕ್ಲೀನಾಗಿ ಕಾಣುವ ಫೈಟಿಗೂ ಜೀವದ ಜೊತೆ ಆಟಕ್ಕೂ ನಂಟೇನಿಲ್ಲ. ಅಡ್ಡಾದ ಫ್ರಿಡ್ಜ್ ಫೈಟ್ ಚೆನ್ನಾಗಿರುವುದು ರಿಹರ್ಸಲ್‌ನಿಂದ, ಟೈಮಿಂಗ್‌ನಿಂದ, ಬೀಳುವ ಹುಡುಗರ ತರಬೇತಿಯಿಂದ. ಹಾಂಗ್‌ಕಾಂಗ್‌ನಲ್ಲಿ ಇಂಥ ಒಂದು ಫೈಟಿಗೆ ದಿನಗಟ್ಟಲೆ ಸಮಯ ಕೊಡುತ್ತಿದ್ದರು. ನಮ್ಮಲ್ಲಿ ಫೈಟ್ ಮಾಸ್ಟರ್ ಬೆಳಗ್ಗೆ ಬಂದು, ಸಂಜೆ ಒಳಗೆ ಮುಗಿಸಬೇಕು. ಅಪಾಯ ಬರುವುದು ಆ ಅವಸರದಿಂದ.

ಅಂದಹಾಗೆ, ಕೊನೆಯಲ್ಲಿ ತಪ್ಪಿದ ಟೇಕುಗಳನ್ನು ತೋರಿಸುವುದನ್ನು ಜಾಕಿ ಕಲಿತಿದ್ದು ಅಮೆರಿಕದಲ್ಲೇ, 1981ರ 'ಕ್ಯಾನನ್‌ಬಾಲ್ ರನ್'ನಲ್ಲಿ ಪಾತ್ರ ಮಾಡಿದಾಗ. ಅಲ್ಲಿ ಅದು ನಟರು ಮಾತು ತಪ್ಪಿ ನಗುವ ತಮಾಷೆ. ಜಾಕಿ ಅದನ್ನು ಪೆಟ್ಟಿನ ಲೆಕ್ಕ ಮಾಡಿದ.

ಕುಡ್ಲದ ಪ್ರೇಕ್ಷಕ

ರಿಹರ್ಸಲ್ ಮಾತು ಒಪ್ಪುತ್ತೇನೆ. ಆದರೆ ಜಾಕಿಯೇ ಆ ಲೆಕ್ಕವನ್ನು ಮಾರಿಕೊಂಡಿದ್ದಾನೆ ಅಲ್ವಾ? 1986ರಲ್ಲಿ ಯುಗೋಸ್ಲಾವಿಯಾದಲ್ಲಿ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡ. ಅದಾದ ಮೇಲೂ ನಿಲ್ಲಿಸಲಿಲ್ಲ. ಸಿನಿಮಾ ಪ್ರಚಾರದಲ್ಲೂ ಅದೇ ಮಾತು.

ಹಳೇಟಾಕೀಸ್

ಇಲ್ಲಿ ನನಗೂ ಎರಡು ಮನಸ್ಸಿದೆ. ಗಲ್ಲಿ ದಾಟಿ ಹಾರುವ ಶಾಟ್ ನೋಡುವಾಗ ಕೈ ಬೆವರುತ್ತದೆ. ಅದು ನಿಜ ಅಂತ ಗೊತ್ತಿರುವುದಕ್ಕೇ ಬೆವರುತ್ತದೆ, ಸುಳ್ಳು ಹೇಳಿ ಏನು ಮಾಡಲಿ? ಆದರೆ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಜಾಗದಲ್ಲಿ ಹಾರಾಟವೇ ಇಲ್ಲ. ಬಾಟಲಿ ದೃಶ್ಯ. ಗ್ಯಾಂಗಿನವರು ಕ್ಯೂಂಗ್‌ನನ್ನು ದಾರಿಯೇ ಇಲ್ಲದ ಗಲ್ಲಿಗೆ ಅಟ್ಟಿಸಿಕೊಂಡು ಬರುತ್ತಾರೆ. ಹಿಂದೆ ಗೋಡೆ. ಎದುರು ಸಾಲಾಗಿ ನಿಂತು ಬೇಸ್‌ಬಾಲ್ ಬ್ಯಾಟಿನಿಂದ ಖಾಲಿ ಬಾಟಲಿ ಹೊಡೆಯುತ್ತಾರೆ. ಒಂದೊಂದೂ ಗೋಡೆಗೆ ಬಡಿದು ಪುಡಿಯಾಗುತ್ತದೆ. ಕ್ಯೂಂಗ್ ಮುಖ ಮುಚ್ಚಿಕೊಂಡು ಮುದುರಿಕೊಳ್ಳುತ್ತಾನೆ. ಅಲ್ಲಿ ಎತ್ತಿಕೊಳ್ಳಲು ಫ್ರಿಡ್ಜಿಲ್ಲ, ಸ್ಕೀ ಇಲ್ಲ, ಏಣಿ ಇಲ್ಲ. ಕೈಗೆ ಏನೂ ಸಿಗದ ಜಾಗದಲ್ಲಿ ನಿಲ್ಲಿಸಿದರೆ ಜಾಕಿಯನ್ನೂ ಸೋಲಿಸಬಹುದು ಅಂತ ತೋರಿಸಿದ್ದಾರೆ. ಅಡ್ಡಾ ಫೈಟಿನಲ್ಲಿ ಸಾಮಾನು ತುಂಬಿದ್ದು ಯಾಕೆ ಅಂತ ಆಗ ಅರ್ಥವಾಗುತ್ತದೆ.

ಸುಮಾ ಶಿರಸಿ

ಆ ದೃಶ್ಯ ನೋಡಲು ಕಷ್ಟ. ತಮಾಷೆ ಸಿನಿಮಾ ಅಂತ ಕೂತಿದ್ದವರು ಒಮ್ಮೆಲೇ ತಣ್ಣಗಾಗುತ್ತಾರೆ.

ಹಾಸನದ ಹೈದ

ಗುರುಗಳೇ, ಒಂದು ಡೌಟು. ಇಷ್ಟೆಲ್ಲ ಮೊದಲೇ ಮಾಡುತ್ತಿದ್ದ ಜಾಕಿ ಅಮೆರಿಕದಲ್ಲಿ ಹಿಟ್ ಆಗಲು ಇದೇ ಸಿನಿಮಾ ಯಾಕೆ ಬೇಕಾಯಿತು?

ಹಳೇಟಾಕೀಸ್

ಒಳ್ಳೆ ಪ್ರಶ್ನೆ. ಮೊದಲೇ ಪ್ರಯತ್ನ ಮಾಡಿ ಸೋತಿದ್ದ. 1980ರಲ್ಲಿ 'ದ ಬಿಗ್ ಬ್ರಾಲ್', 1985ರಲ್ಲಿ 'ದ ಪ್ರೊಟೆಕ್ಟರ್'. ಎರಡಕ್ಕೂ ಅಮೆರಿಕದ ನಿರ್ದೇಶಕರು. ಜಾಕಿ ಹೇಗೆ ಫೈಟ್ ಮಾಡಬೇಕು ಅಂತ ಅವರೇ ಹೇಳಿಕೊಟ್ಟರು! ಎರಡನೆಯದರಲ್ಲಿ ಬಂದೂಕು ಹಿಡಿದ ಗಡಸು ಪೊಲೀಸ್. ನಗು ಇಲ್ಲ, ಪೆಟ್ಟು ತಿನ್ನುವುದಿಲ್ಲ, ಜಾಕಿಯೇ ಇಲ್ಲ ಅಂತ ಇಟ್ಟುಕೊಳ್ಳಿ. ಆ ಸಿಟ್ಟಿಗೆ ಹಾಂಗ್‌ಕಾಂಗ್‌ನಲ್ಲಿ ಬಿಡುಗಡೆ ಮಾಡುವಾಗ ಕೆಲವು ಭಾಗ ತಾನೇ ಮತ್ತೆ ಶೂಟ್ ಮಾಡಿದ. ಅದೇ ವರ್ಷ 'ಪೊಲೀಸ್ ಸ್ಟೋರಿ' ತೆಗೆದ.

ಆಮೇಲಿನ ಹತ್ತು ವರ್ಷದಲ್ಲಿ ಅಮೆರಿಕದಲ್ಲಿ ವೀಡಿಯೊ ಕ್ಯಾಸೆಟ್ ನೋಡುವ ಹುಚ್ಚು ಅಭಿಮಾನಿಗಳು ಬೆಳೆದರು. 1995ರಲ್ಲಿ ಎಂಟಿವಿ ಸಿನಿಮಾ ಪ್ರಶಸ್ತಿ ಸಮಾರಂಭದಲ್ಲಿ ಹಾಲಿವುಡ್ ನಿರ್ದೇಶಕ ಕ್ವೆಂಟಿನ್ ಟರಂಟಿನೊ ವೇದಿಕೆ ಮೇಲೆ ಜಾಕಿಗೆ ಜೀವಮಾನದ ಪ್ರಶಸ್ತಿ ಕೊಟ್ಟ. 1996ರ ಫೆಬ್ರವರಿಯಲ್ಲಿ ನ್ಯೂ ಲೈನ್ ಸಿನಿಮಾ ಕಂಪನಿ 'ರಂಬಲ್' ಬಿಡುಗಡೆ ಮಾಡಿತು. ಮೊದಲ ವಾರವೇ ನಂಬರ್ ಒನ್. ಅಮೆರಿಕದಲ್ಲಿ ಒಟ್ಟು ಸುಮಾರು 3.2 ಕೋಟಿ ಡಾಲರ್ ಗಳಿಸಿತು. ಎರಡು ವರ್ಷ ಆದ ಮೇಲೆ 'ರಶ್ ಅವರ್' ಬಂತು.

ಊರು ಅಮೆರಿಕದ್ದು, ಮಾತು ಇಂಗ್ಲಿಷಿಗೆ ಕೂರಿಸಿದ್ದು. ಫೈಟ್ ಮಾತ್ರ ಹಾಂಗ್‌ಕಾಂಗ್ ತಂಡದ ಕೈಯಲ್ಲೇ ಇತ್ತು. ಗೆಲುವಿನ ಗುಟ್ಟು ಇದೇ ಅಂತ ನನ್ನ ನಂಬಿಕೆ. ಗೌಡ್ರ ತಕರಾರಿಗೂ ಇಲ್ಲೇ ಉತ್ತರ ಇದೆ. ಬ್ರಾಂಕ್ಸ್ ಅನ್ನುವುದು ಇಲ್ಲಿ ಒಳಗೆ ಬರಲು ತೆಗೆಸಿದ ಟಿಕೆಟ್.

ಜರ್ಸಿ ಗೌಡ

ಟಿಕೆಟ್ ತೆಗೆಸಿದ್ದು ನ್ಯೂಯಾರ್ಕಿಗೆ, ಇಳಿದಿದ್ದು ಕೆನಡಾದಲ್ಲಿ. ಸರಿ ಬಿಡಿ.

ಹೊಸಪೇಟೆ ಹನುಮ

ಸ್ಟಾನ್ಲಿ ಟಾಂಗ್ ಹೆಸರು ಬಂತಲ್ಲ, ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ. ಇದೇ ನಿರ್ದೇಶಕ, ಇದೇ ಜಾಕಿ, 2005ರ 'ದ ಮಿಥ್' ಸಿನಿಮಾಕ್ಕೆ ಹಂಪಿಗೆ ಬಂದಿದ್ದರು. ಮಲ್ಲಿಕಾ ಶೆರಾವತ್ ಇದ್ದಾರಲ್ಲ, ಆ ಸಿನಿಮಾ. ಹಂಪಿಯ ಕಲ್ಲು ಮಂಟಪಗಳಲ್ಲಿ ಜಾಕಿ ಓಡಾಡುವುದನ್ನು ನೋಡುವುದೇ ಒಂದು ವಿಚಿತ್ರ ಖುಷಿ. ಆದರೆ ಅದರಲ್ಲಿ ನೆನಪಿರುವ ಫೈಟ್ ಹಂಪಿಯದಲ್ಲ. ಅಂಟು ಸವರಿದ ಕನ್ವೇಯರ್ ಬೆಲ್ಟ್ ಮೇಲೆ ನಡೆಯುವ ಫೈಟ್. ಕಾಲಿಟ್ಟರೆ ಶೂ ಅಂಟುತ್ತದೆ, ಬಟ್ಟೆ ಅಂಟುತ್ತದೆ. ಹಳೇಟಾಕೀಸ್ ಅವರ 'ಜಾಗ ನಿಜ' ಮಾತಿಗೆ ಅದು ಒಳ್ಳೆ ಸಾಕ್ಷಿ. ನಮ್ಮ ಹಂಪಿಯನ್ನು ಬರೀ ಹಿನ್ನೆಲೆ ಮಾಡಿ, ಫ್ಯಾಕ್ಟರಿಯನ್ನು ಪಾತ್ರ ಮಾಡಿದ್ದಾರೆ. ಸ್ವಲ್ಪ ಬೇಜಾರೇ.

ವ್ಯಾಂಕೂವರ್ ವಾಸಿ

ಹನುಮಣ್ಣ, ನೀವು ಬೇಜಾರು ಮಾಡಿಕೊಳ್ಳಬೇಡಿ. ಹಂಪಿಗೆ ಇಂಡಿಯಾ ಅಂತಲಾದರೂ ಹೆಸರು ಉಳಿಯಿತು. ನಮ್ಮೂರಿಗೆ ಅದೂ ಇಲ್ಲ.

ಎಡಿಟಿಂಗ್ ಟೇಬಲ್

ಈಗಿನ ಹುಡುಗರು ಕೇಳಬಹುದು, ಈ ಥರದ ಫೈಟ್ ಈಗ ಎಲ್ಲಿದೆ ಅಂತ. 2014ರ 'ಜಾನ್ ವಿಕ್' ನೋಡಿ. ಅದರ ನಿರ್ದೇಶಕ ಚಾಡ್ ಸ್ಟಾಹೆಲ್‌ಸ್ಕಿ ಮೊದಲು ಸ್ಟಂಟ್‌ಮ್ಯಾನ್. 'ಮೇಟ್ರಿಕ್ಸ್'ನಲ್ಲಿ ಕಿಯಾನು ರೀವ್ಸ್‌ಗೆ ಡ್ಯೂಪ್ ಆಗಿದ್ದವನು. 'ಮೇಟ್ರಿಕ್ಸ್' ಫೈಟುಗಳನ್ನು ಮಾಡಿಸಿದ್ದು ಹಾಂಗ್‌ಕಾಂಗ್‌ನ ಯೂನ್ ವೂಪಿಂಗ್. ಅಲ್ಲಿಂದ ಇಲ್ಲಿಗೆ ಸೀದಾ ದಾರಿ. ಕ್ಯಾಮೆರಾ ಹಿಂದೆ ನಿಲ್ಲಿಸು, ನಟನಿಗೆ ತಿಂಗಳುಗಟ್ಟಲೆ ತರಬೇತಿ ಕೊಡು, ಪೂರ್ತಿ ಮೈ ತೋರಿಸು. ಆದರೆ ಅಲ್ಲಿ ನಗು ಕಮ್ಮಿ, ಹೆಣ ಜಾಸ್ತಿ.

ಕುಡ್ಲದವರಿಗೂ ಒಂದು ಸುದ್ದಿ. ಆಸ್ಕರ್‌ನವರು ಕೊನೆಗೂ ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಕೊಡುತ್ತೇವೆ ಅಂತ 2025ರಲ್ಲಿ ಘೋಷಿಸಿದರು. 2027ರಲ್ಲಿ ಬರುವ ಸಿನಿಮಾಗಳಿಂದ ಶುರು. ಬೀಳುವವರ ಹೆಸರು ಇನ್ನು ಮುಂದಾದರೂ ತೆರೆ ಮೇಲೆ ಸ್ವಲ್ಪ ದೊಡ್ಡದಾಗಿ ಬರಬಹುದು.

ಕುಡ್ಲದ ಪ್ರೇಕ್ಷಕ

ಪ್ರಶಸ್ತಿ ಬರಲಿ. ಅದಕ್ಕೆ ಮುಂಚೆ ಪ್ರತಿ ಸೆಟ್‌ನಲ್ಲಿ ಆಂಬುಲೆನ್ಸ್ ಬರಲಿ. ನೀರಿನ ದೃಶ್ಯ ಇದ್ದರೆ ದೋಣಿ, ಈಜುಗಾರರು.

ಹಾಸನದ ಹೈದ

ಕೊನೆಯ ಹೋವರ್‌ಕ್ರಾಫ್ಟ್ ಭಾಗದ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ. ಅದು ಚೆನ್ನಾಗಿಲ್ವಾ?

ಹಳೇಟಾಕೀಸ್

ಅಡ್ಡಾ ಫೈಟ್ ಮಟ್ಟಕ್ಕೆ ಇಲ್ಲ ಅಂತ ನನ್ನ ಅಭಿಪ್ರಾಯ. ಕಾರುಗಳು ಅಪ್ಪಚ್ಚಿ ಆಗುವುದನ್ನು ಯಾರು ಬೇಕಾದರೂ ತೋರಿಸಬಹುದು. ಆದರೆ ಅದರಲ್ಲೂ ಒಂದು ಕಡೆ ಜಾಕಿ ಬುದ್ಧಿ ಇದೆ. ಹೋವರ್‌ಕ್ರಾಫ್ಟ್ ನಿಂತಿರುವುದು ಗಾಳಿಯ ಮೇಲೆ. ಸುತ್ತಲೂ ಇರುವ ರಬ್ಬರಿನ ಲಂಗದೊಳಗೆ ಫ್ಯಾನ್ ಗಾಳಿ ತುಂಬುತ್ತಿರಬೇಕು. ಲಂಗ ಹರಿದರೆ ಗಾಳಿ ಸೋರಿ ಕುಸಿಯುತ್ತದೆ. ಕ್ಯೂಂಗ್ ಏನು ಮಾಡುತ್ತಾನೆ? ಒಂದು ದೊಡ್ಡ ಕತ್ತಿಯನ್ನು ಲಂಬೊರ್ಗಿನಿ ಕಾರಿನ ಕಿಟಕಿಯಿಂದ ಹೊರಗೆ ಚಾಚಿ, ಪಕ್ಕದಲ್ಲೇ ಓಡಿಸಿಕೊಂಡು ಹೋಗಿ ಲಂಗ ಸೀಳುತ್ತಾನೆ. ಆಮೇಲೆ ಅದಕ್ಕೇ ಟೇಪ್ ಸುತ್ತಿ ರಿಪೇರಿ ಮಾಡಿ, ವಿಲನ್ ಆಡುತ್ತಿರುವ ಗಾಲ್ಫ್ ಮೈದಾನಕ್ಕೆ ನುಗ್ಗಿಸುತ್ತಾನೆ. ಪಂಕ್ಚರ್ ಅಂಗಡಿಯ ತಲೆ ಅದು!

ಕರಾಟೆ ಮೇಷ್ಟ್ರು

ನನ್ನ ಕ್ಲಾಸಿನ ಮಕ್ಕಳಿಗೆ ತೋರಿಸಬಹುದಾ ಇದನ್ನು? ಹತ್ತು ಹನ್ನೆರಡು ವರ್ಷದವರು.

ಸುಮಾ ಶಿರಸಿ

ಪೂರ್ತಿ ಬೇಡ ಮೇಷ್ಟ್ರೇ. ನಡುವೆ ಮಾಫಿಯಾದವರು ಒಬ್ಬ ಹುಡುಗನನ್ನು ಮರದ ಕೊಂಬೆ ಪುಡಿ ಮಾಡುವ ಯಂತ್ರಕ್ಕೆ ಹಾಕುತ್ತಾರೆ. ಆಮೇಲೆ ಚೀಲದಲ್ಲಿ ತುಂಬಿ ಕಳಿಸುತ್ತಾರೆ. ಕೊನೆಗೆ ವಿಲನ್‌ನ ಬಟ್ಟೆ ಬೇರೆ ಹಾರಿಹೋಗುತ್ತದೆ. ಅಪ್ಪ ಅಮ್ಮಂದಿರು ನಿಮ್ಮ ಕ್ಲಾಸಿಗೇ ಬೀಗ ಹಾಕಿಸುತ್ತಾರೆ.

ಕರಾಟೆ ಮೇಷ್ಟ್ರು

ಸರಿ ಮೇಡಂ. ಅಡ್ಡಾ ಫೈಟ್ ಒಂದೇ ತೋರಿಸುತ್ತೇನೆ. ಚಹಾ ಭಾಷಣ ಸೇರಿಸಿ.

ಹಳೇಟಾಕೀಸ್

ನೋಡುವವರಿಗೆ ಒಂದು ಸೂಚನೆ. ಎರಡು ಆವೃತ್ತಿ ಇವೆ. ಅಮೆರಿಕದ್ದು ಹಾಂಗ್‌ಕಾಂಗ್‌ನದ್ದಕ್ಕಿಂತ ಸುಮಾರು ಕಾಲು ಗಂಟೆ ಚಿಕ್ಕದು, ಹಿನ್ನೆಲೆ ಸಂಗೀತವೂ ಬೇರೆ, ಎಲ್ಲರ ಬಾಯಲ್ಲೂ ಇಂಗ್ಲಿಷ್. ಅನಿತಾ ಮುಯಿಗಾಗಿ ನೋಡುವುದಾದರೆ ಹಾಂಗ್‌ಕಾಂಗ್ ಭಾಷೆಯಾದ ಕ್ಯಾಂಟನೀಸ್ ಆವೃತ್ತಿಯನ್ನೇ ಹುಡುಕಿ, ಸಬ್‌ಟೈಟಲ್ ಜೊತೆ. ಬರೀ ಫೈಟ್ ಸಾಕು ಅನ್ನುವವರಿಗೆ ಯಾವುದಾದರೂ ಆದೀತು.

ಬಾಗಲಕೋಟಿ ಹುಡುಗ

ಗೇಮ್ ಗಿಯರ್ ಒಳಗೆ ಕಾರ್ಟ್ರಿಜ್ ಯಾವ ಆವೃತ್ತಿಯಾಗ ಐತ್ರಿ ಅಣ್ಣಾರ?

ಹಳೇಟಾಕೀಸ್

ಎರಡರಲ್ಲೂ ಇಲ್ಲ ತಮ್ಮಾ.